ಎರಡನೇ ಸಾಲಿಗೇ ಹಾಜರಾಗೋ ಅನುಮಾನ

"ಅವಳು ಬಾಗಿಲು ತೆಗೆದಳು" ಅಂತ ಟೈಪ್ ಮಾಡ್ತೀವಿ. ಸಪ್ಪೆ ಅನ್ಸುತ್ತೆ, ಅಳಿಸ್ತೀವಿ. "ಅವಳು ಮೆಲ್ಲಗೆ ಬಾಗಿಲು ತೆರೆದಳು." ಈ ಮೆಲ್ಲಗೆ ಯಾಕಪ್ಪಾ, ಎಲ್ರೂ ಹೀಗೇ ಬರೀತಾರಲ್ಲ ಅಂತ ಅದೂ ಹೋಗುತ್ತೆ. ಕೊನೆಗೆ ಮೊದಲಿದ್ದ ಸಾಲೇ ವಾಪಸ್ ಬಂದು ಕೂತಿರುತ್ತೆ, ಆದ್ರೆ ಅಷ್ಟೊತ್ತಿಗೆ ಬಾಗಿಲಾಚೆ ನಿಂತಿದ್ದವರು ಯಾರು, ಅವರು ಏನು ಹೇಳ್ಬೇಕಿತ್ತು ಅನ್ನೋದೇ ತಲೆಯಿಂದ ಹಾರಿಹೋಗಿರುತ್ತೆ. ಆಮೇಲೆ ಬರೋ ತೀರ್ಪು ಗೊತ್ತೇ ಇದೆಯಲ್ಲ: ಇದೆಲ್ಲ ನನ್ ಕೈಲಿ ಆಗೋ ಕೆಲಸ ಅಲ್ಲ ಬಿಡು.

ಪ್ರತಿಭೆ ಮೇಲೆ ತಪ್ಪು ಹೊರಿಸೋ ಮೊದಲು ವರ್ಕಿಂಗ್ ಮೆಮೊರಿ ಕಡೆ ಒಮ್ಮೆ ನೋಡ್ಬೇಕು. ಮಿದುಳು ಒಂದೇ ಸಲಕ್ಕೆ ಕೈಯಲ್ಲಿ ಹಿಡ್ಕೊಳ್ಳೋಕಾಗೋ ವಿಷಯ ತೀರಾ ಕಮ್ಮಿ, ನಾಲ್ಕೈದು ಸಂಗತಿ ಇದ್ರೆ ಹೆಚ್ಚು. 1981ರಲ್ಲಿ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅನ್ನೋ ಇಬ್ಬರು ಸಂಶೋಧಕರು, ಬರೆಯೋವಾಗ ತಲೇಲಿ ಓಡೋದನ್ನೆಲ್ಲ ಜೋರಾಗಿ ಹೇಳ್ತಾ ಬರೀರಿ ಅಂತ ಜನರನ್ನ ಕೂರಿಸಿ, ಅದನ್ನೆಲ್ಲ ಬಿಡಿಸಿ ನೋಡಿ ಒಂದು ಮಾದರಿ ಕೊಟ್ರು. ಪ್ಲಾನ್ ಮಾಡೋದು, ಯೋಚನೆಯನ್ನ ವಾಕ್ಯಕ್ಕೆ ಇಳಿಸೋದು, ಬರೆದಿದ್ದನ್ನ ತೂಗಿ ನೋಡೋದು, ಇವು ಒಂದಾದ ಮೇಲೊಂದು ಸಾಲಾಗಿ ಬರಲ್ಲ, ಯಾವಾಗ ಬೇಕಾದ್ರೂ ಒಂದರ ಮಧ್ಯೆ ಇನ್ನೊಂದು ನುಗ್ಗುತ್ತೆ. ಹಾಗೆ ನುಗ್ಗಿದಾಗ್ಲೆಲ್ಲ ಆ ಪುಟ್ಟ ಜಾಗದಲ್ಲೇ ಪಾಲು ಕೇಳುತ್ತೆ. ಬಾಗಿಲಾಚೆಯ ಮನುಷ್ಯ ಮಾಯ ಆಗಿದ್ದು ಹೀಗೆ.

ಈ ಒಳಗಿನ ತಪ್ಪು ಹುಡುಕುವವನನ್ನ ಒದ್ದು ಓಡಿಸಿಬಿಡೋಣ ಅಂದ್ರೆ ಅದೂ ಆಗದ ಮಾತು. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಕಂಪ್ಯೂಟರ್ ಮುಂದೆ ಒಂದು ಚಿಕ್ಕ ಟೆಸ್ಟ್ ಕೊಟ್ಟಾಗ, ತಪ್ಪು ಬಟನ್ ಒತ್ತಿದ ಸುಮಾರು 100 ಮಿಲಿಸೆಕೆಂಡ್ ಒಳಗೇ ಮಿದುಳಿನಲ್ಲಿ ಒಂದು ನೆಗೆಟಿವ್ ವಿದ್ಯುತ್ ಅಲೆ ಏಳುತ್ತೆ, 1990ರ ದಶಕದ ಶುರುವಿನಲ್ಲೇ ಇದನ್ನ ಕಂಡುಕೊಂಡ್ರು. ಇದು ಮುಖ್ಯವಾಗಿ ಮಿದುಳಿನ ಆಂಟೀರಿಯರ್ ಸಿಂಗುಲೇಟ್ ಕಾರ್ಟೆಕ್ಸ್ ಅನ್ನೋ ಭಾಗದ ಕೆಲಸ. ಸದಾ ಚಿಂತೆ ಮಾಡೋ ಸ್ವಭಾವದವರಲ್ಲಿ ಈ ಅಲೆ ಸಾಮಾನ್ಯವಾಗಿ ದೊಡ್ಡದು. ಬಟನ್ ಒತ್ತೋದಕ್ಕೂ ಕಥೆ ಬರೆಯೋದಕ್ಕೂ ಅಜಗಜಾಂತರ, ಒಪ್ತೀನಿ, ಆದ್ರೂ ಒಂದಂತೂ ತಿಳಿಯುತ್ತೆ, ತಪ್ಪು ಕಾಯೋ ಈ ವ್ಯವಸ್ಥೆ ನಮ್ಮ ಪರ್ಮಿಶನ್ ಕೇಳಿ ಶುರುವಾಗೋದಲ್ಲ. ತಿದ್ದೋಕೆ ಕೂತಾಗ ಅದು ಬೇಕೇ ಬೇಕು. ಮೊದಲ ಡ್ರಾಫ್ಟ್‌ನಲ್ಲೇ ಬಂದು ಕೂತ್ರೆ ಮಾತ್ರ, ಅಡಿಪಾಯ ತೆಗೆಯೋ ಮೊದಲೇ ಗೋಡೆ ಬಣ್ಣ ಸರಿಯಿಲ್ಲ ಅಂತ ಜಗಳಕ್ಕೆ ನಿಂತ ಹಾಗೆ.

ಹಾಗಾದ್ರೆ ಏನ್ ಮಾಡೋದು? 2017ರಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯವರು ಚಿಂತೆ ಜಾಸ್ತಿ ಮಾಡೋ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಮುಂದೆ ಬರೋ ಟೆಸ್ಟ್ ಬಗ್ಗೆ ಮನಸ್ಸಲ್ಲಿರೋದನ್ನೆಲ್ಲ 8 ನಿಮಿಷ ಬರೀರಿ ಅಂದ್ರು, ಉಳಿದವರಿಗೆ ಹಿಂದಿನ ದಿನ ಏನು ಮಾಡಿದ್ರಿ ಅಂತ ಬರೆಯೋಕೆ ಹೇಳಿದ್ರು. ಟೆಸ್ಟ್‌ನಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ, ಆದ್ರೆ ಚಿಂತೆಯನ್ನ ಕಕ್ಕಿದವರಲ್ಲಿ ಆ ಅಲೆ ಚಿಕ್ಕದಾಗಿತ್ತು, ಅಂದ್ರೆ ಅಷ್ಟೇ ಕೆಲಸಕ್ಕೆ ಮಿದುಳು ಕಮ್ಮಿ ಒದ್ದಾಡ್ತು. ಹಾಗಾಗಿ "ಇದನ್ನ ಯಾರು ಓದ್ತಾರೆ, ಓದಿದ್ರೆ ನಗ್ತಾರೆ" ಅನ್ನೋದನ್ನೆಲ್ಲ ಮೊದಲು ಬೇರೆ ಹಾಳೆಯಲ್ಲಿ ಸುರಿದು ಪಕ್ಕಕ್ಕಿಟ್ಟು ಆಮೇಲೆ ಶುರು ಮಾಡೋದು ಒಳ್ಳೇ ಉಪಾಯ ಅಂತ ನನಗನ್ಸುತ್ತೆ.

ಮೂಡ್ ಬಂದಾಗ ಬರೀತೀನಿ ಅನ್ನೋರಿಗೆ ರಾಬರ್ಟ್ ಬಾಯ್ಸ್ ಅನ್ನೋ ಅಮೆರಿಕನ್ ಮನಶ್ಶಾಸ್ತ್ರಜ್ಞನ ಪ್ರಯೋಗ ಹೇಳ್ಬೇಕು. ಬರವಣಿಗೆ ನಿಂತೇ ಹೋಗಿದ್ದ ಪ್ರೊಫೆಸರ್‌ಗಳಲ್ಲಿ ಒಂದು ಗುಂಪಿಗೆ, ಮನಸ್ಸು ಬಂದಾಗ ಮಾತ್ರ ಬರೀರಿ ಅಂದ, ಇನ್ನೊಂದು ಗುಂಪಿಗೆ ಟೈಮ್ ಫಿಕ್ಸ್ ಮಾಡಿ, ಅವತ್ತು ಬರೀಲಿಲ್ಲ ಅಂದ್ರೆ ನಿಮಗೆ ಆಗದ ಸಂಸ್ಥೆಯೊಂದಕ್ಕೆ ನಿಮ್ಮ ಚೆಕ್ ಹೋಗುತ್ತೆ ಅಂದ (ದುಷ್ಟ ಐಡಿಯಾ, ಆದ್ರೆ ಭಾರೀ ಪರಿಣಾಮಕಾರಿ). ಈ ಎರಡನೇ ಗುಂಪು ಹೆಚ್ಚು ಪುಟ ಬರೆದಿದ್ದು ಆಶ್ಚರ್ಯ ಏನಲ್ಲ, ಹೊಸ ಐಡಿಯಾಗಳೂ ಅವರಿಗೇ ಹೆಚ್ಚು ಹೊಳೆದಿದ್ವು ಅನ್ನೋದು ಆಶ್ಚರ್ಯ. 1977ರಲ್ಲೇ ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞರು, ಆತ್ಮವಿಶ್ವಾಸಕ್ಕೆ ಎಲ್ಲಕ್ಕಿಂತ ಗಟ್ಟಿ ಮೂಲ ನಾವೇ ಮಾಡಿ ಮುಗಿಸಿದ ಕೆಲಸ, ಬೇರೆಯವರ ಶಹಬ್ಬಾಸ್‌ಗಿರಿಯ ಬಲ ಅದಕ್ಕಿಂತ ಕಮ್ಮಿ ಅಂದಿದ್ರು. ನೂರು ಲೈಕ್ ಬಿದ್ರೂ ಮಾರನೇ ದಿನ ಖಾಲಿ ಪುಟದ ಮುಂದೆ ಅದೇ ಭಯ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ವಿಷಯ, ಜನ ಅರ್ಧ ಮಾತ್ರ ಹೇಳೋದು. 1999ರಲ್ಲಿ ಕ್ರೂಗರ್ ಮತ್ತು ಡನ್ನಿಂಗ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಅಧ್ಯಯನ ಅಂದ್ರೆ ಎಲ್ರಿಗೂ ನೆನಪಾಗೋದು, ಕಮ್ಮಿ ಗೊತ್ತಿರೋರು ತಮ್ಮನ್ನ ಮೇಲೆ ಇಟ್ಕೋತಾರೆ ಅನ್ನೋದು. (ಇದರಲ್ಲಿ ಒಂದಿಷ್ಟು ಬರೀ ಲೆಕ್ಕಾಚಾರದ ಮಾಯೆ ಅಂತ ಆಮೇಲೆ ಕೆಲವರು ತಕರಾರು ತೆಗೆದಿದ್ದಾರೆ.) ಅದೇ ಅಧ್ಯಯನದಲ್ಲಿ ಚೆನ್ನಾಗಿ ಮಾಡಿದೋರು ತಮ್ಮ ಸ್ಥಾನವನ್ನ ಇದ್ದಿದ್ದಕ್ಕಿಂತ ಕೆಳಗೆ ಅಂದಾಜು ಮಾಡಿದ್ರು, ನನಗೆ ಇಷ್ಟು ಸುಲಭ ಅಂದ್ಮೇಲೆ ಎಲ್ರಿಗೂ ಸುಲಭಾನೇ ಇರ್ಬೇಕು ಅಂತ. ಗ್ರಾಮರ್ ಟೆಸ್ಟ್ ಬರೆದವರಿಗೆ ಉಳಿದವರ ಉತ್ತರ ಪತ್ರಿಕೆ ತೋರಿಸಿದಾಗ, ಈ ಮೇಲಿನವರು ತಮ್ಮ ಅಂದಾಜನ್ನ ಮೇಲಕ್ಕೆ ತಿದ್ದಿಕೊಂಡ್ರು. ಬರೆಯೋರು ಇಂಥ ಉತ್ತರ ಪತ್ರಿಕೆ ನೋಡೋದೇ ಇಲ್ಲ, ನಮ್ಮ ಹಸಿ ಡ್ರಾಫ್ಟ್‌ನ ಬೇರೆಯವರ ಹತ್ತು ಸಲ ತಿದ್ದಿ ಅಚ್ಚಾದ ಪುಟದ ಪಕ್ಕ ಇಟ್ಟು ಕೊರಗ್ತೀವಿ. ಬರೆಯೋ ಗೆಳೆಯರು ಯಾರಾದ್ರೂ ಇದ್ರೆ ಅವರ ಮೊದಲ ಡ್ರಾಫ್ಟ್ ಕೇಳಿ ನೋಡಿ, ಕೊಡೋಕೆ ಅವರೂ ನಿಮ್ಮಷ್ಟೇ ಹಿಂಜರೀತಾರೆ.