ಪದ ಪರಿಚಯ: ಪ್ರೊಡಕ್ಷನ್ ಡ್ಯುಯೊ

ಹಿಪ್‌ಹಾಪ್‌ನಲ್ಲಿ ಪ್ರೊಡ್ಯೂಸರ್ ಅಂದರೆ ಸಿನಿಮಾದವರಂತೆ ದುಡ್ಡು ಹಾಕುವವರಲ್ಲ, ಬೀಟ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಕಟ್ಟುವವರು. ಆ ಕೆಲಸವನ್ನು ಇಬ್ಬರು ಹಂಚಿಕೊಂಡು ಒಂದೇ ಹೆಸರಿನಲ್ಲಿ ಹಾಡು ಹೊರತಂದರೆ ಅದು ಪ್ರೊಡಕ್ಷನ್ ಡ್ಯುಯೊ. ಅಂಡರ್‌ಗ್ರೌಂಡ್ (ದೊಡ್ಡ ಕಂಪನಿಗಳ ಹೊರಗಿನ) ಹಿಪ್‌ಹಾಪ್‌ಗೆ ಸೋಲ್, ಅಂದರೆ ಕಪ್ಪು ಅಮೆರಿಕನ್ನರ ಭಾವಪೂರ್ಣ ಗಾಯನಶೈಲಿ, ಬೆರೆಸುವ ಜೋಡಿಗಳಲ್ಲಿ ಸಾಮಾನ್ಯವಾಗಿ ಒಬ್ಬರದು ಸ್ಯಾಂಪ್ಲರ್ (ರೆಕಾರ್ಡಿನ ತುಣುಕುಗಳನ್ನು ಕತ್ತರಿಸಿ ನುಡಿಸುವ ಯಂತ್ರ) ಮತ್ತು ಡ್ರಮ್, ಇನ್ನೊಬ್ಬರದು ಕೀಬೋರ್ಡ್, ಬೇಸ್, ಗಾಯನ. ಒಂದೇ ಊರಿನಲ್ಲಿ ಇರಬೇಕೆಂದೇನೂ ಇಲ್ಲ. ನೆದರ್‌ಲೆಂಡ್ಸ್‌ನ ನಿಕೊಲೇ ಬೀಟ್ ಕಳಿಸಿ, ಅಮೆರಿಕದ ಫೊಂಟೇ ಅದರ ಮೇಲೆ ರ‍್ಯಾಪ್ ಮಾಡಿ ಹಾಡಿ ವಾಪಸ್ ಕಳಿಸಿ, ‘ದಿ ಫಾರಿನ್ ಎಕ್ಸ್‌ಚೇಂಜ್’ ಹೆಸರಿನ ಮೊದಲ ಆಲ್ಬಮ್ 2004ರಲ್ಲಿ ಬಂತು. ಮುಖಾಮುಖಿ ಭೇಟಿ ಆಮೇಲಿನ ಮಾತು.

ಹಿಪ್‌ಹಾಪ್, ಸೋಲ್‌ಗಳ ಈ ಬೆರಕೆ ಎಡವುವುದು ಹೆಚ್ಚಾಗಿ ಶ್ರುತಿಯಲ್ಲಿ. ಹಳೆಯ ರೆಕಾರ್ಡಿನಿಂದ ಕತ್ತರಿಸಿದ ತುಣುಕು 96 ಬಿಪಿಎಂ (ನಿಮಿಷಕ್ಕೆ ಇಷ್ಟು ಬಡಿತ ಎಂಬ ವೇಗದ ಅಳತೆ) ಇದೆ, ಅದನ್ನು 90ಕ್ಕೆ ಇಳಿಸಬೇಕು ಅನ್ನಿ. ಟೇಪಿನಂತೆ ನಿಧಾನ ಮಾಡಿದರೆ ವೇಗದ ಜೊತೆ ಶ್ರುತಿಯೂ ಸುಮಾರು 112 ಸೆಂಟ್ ಇಳಿಯುತ್ತದೆ. ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ, ಅಂದರೆ ಒಂದು ಸೆಮಿಟೋನ್, 100 ಸೆಂಟ್. ಹಾಗಾಗಿ ತುಣುಕು ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದೆ. ರ‍್ಯಾಪ್‌ಗೆ ಇದು ನಡೆಯುತ್ತದೆ. ಅದರ ಮೇಲೆ ಎಲೆಕ್ಟ್ರಿಕ್ ಪಿಯಾನೊ ನುಡಿಸಿ, ಮೂರು ದನಿಯ ಹಾರ್ಮನಿ ಕೂರಿಸಿದರೆ ಮಾತ್ರ ಅಪಸ್ವರ ಕಿವಿಗೆ ಹೊಡೆಯುತ್ತದೆ. ಕೀಬೋರ್ಡನ್ನು ಒಂದು ಸೆಮಿಟೋನ್ ಇಳಿಸಿ, ಫೈನ್ ಟ್ಯೂನ್‌ನಲ್ಲಿ ಇನ್ನೂ 12 ಸೆಂಟ್ ಕೆಳಗಿಡಿ. ಗಾಯಕರಿಗೆ ಟ್ರ್ಯಾಕ್ ಕಳಿಸುವ ಮೊದಲೇ ಇದು ಆಗಬೇಕು. ಹಾಡಿದ ಮೇಲೆ ಸಾಫ್ಟ್‌ವೇರ್‌ನಲ್ಲಿ ಎಳೆದಾಡಿದ ದನಿಗೆ ಜೀವ ಇರುವುದಿಲ್ಲ.

ಇನ್ನು ಸ್ವಿಂಗ್, ಅಂದರೆ ಕೆಲವು ನೋಟ್‌ಗಳನ್ನು ಬೇಕೆಂದೇ ತುಸು ತಡವಾಗಿ ಬೀಳಿಸುವುದು. 90 ಬಿಪಿಎಂನಲ್ಲಿ 58 ಶೇಕಡಾ ಸ್ವಿಂಗ್ ಕೊಟ್ಟರೆ ಪ್ರತಿ ಎರಡನೇ ಹದಿನಾರನೇ-ನೋಟ್ (ಒಂದು ಬಡಿತದ ಕಾಲು ಭಾಗ) ಸುಮಾರು 27 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ತಲೆದೂಗಿಸುವುದು ಆ ತಡವೇ. ಆದರೆ ಡ್ರಮ್‌ಗೆ ಸ್ವಿಂಗ್ ಕೊಟ್ಟು ಬೇಸನ್ನು ನೇರ ಗ್ರಿಡ್‌ಗೆ (ಸಾಫ್ಟ್‌ವೇರ್‌ನ ಸಮ ಅಂತರದ ಕಾಲಗೆರೆಗಳಿಗೆ) ಕಟ್ಟಿದರೆ ಇಬ್ಬರು ಬೇರೆ ಬೇರೆ ಹಾಡು ನುಡಿಸುತ್ತಿರುವಂತೆ ಕೇಳುತ್ತದೆ. ಬೇಸನ್ನು ಕೈಯಲ್ಲೇ ನುಡಿಸಿ, ಕ್ವಾಂಟೈಸ್ ಮಾಡದೆ, ಅಂದರೆ ನೋಟ್‌ಗಳನ್ನು ಆ ಗ್ರಿಡ್‌ಗೆ ಎಳೆದು ಕೂರಿಸದೆ, ಬಿಡುವುದು ವಾಸಿ.

ಸ್ಯಾಂಪಲ್‌ನಲ್ಲೇ, ಅಂದರೆ ಹಳೆಯ ರೆಕಾರ್ಡಿನ ಆ ತುಣುಕಿನಲ್ಲೇ, ಒಂದು ಹಳೆಯ ಬೇಸ್ ಇರುತ್ತದೆ ಅನ್ನುವುದನ್ನೂ ಮರೆಯಬಾರದು. 120 ಹರ್ಟ್ಸ್ ಆಸುಪಾಸಿನಲ್ಲಿ ಹೈಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ದನಿಯನ್ನು ಕತ್ತರಿಸುವ ಸಾಧನ) ಹಾಕಿ ಅದನ್ನು ತೆಗೆಯದಿದ್ದರೆ ಹೊಸ ಬೇಸ್, ಕಿಕ್ ಡ್ರಮ್, ಹಳೆಯ ಬೇಸ್ ಮೂರೂ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಹೆಡ್‌ಫೋನ್‌ನಲ್ಲಿ ಇದು ಗೊತ್ತಾಗದೆಯೂ ಹೋಗಬಹುದು, ದೊಡ್ಡ ಸ್ಪೀಕರ್‌ನಲ್ಲಿ ಹಾಡು ಬರೀ ಗುಂಯ್ ಅನ್ನುತ್ತದೆ.