ಬೆಲೊಡೆಡಿಚ್ ಆಟದಿಂದ ಲಿಬೆರೊ ಪಾತ್ರ ಕಲಿಯುವುದು

ಫುಟ್‌ಬಾಲ್‌ನಲ್ಲಿ ಲಿಬೆರೊ ಅನ್ನುವ ಡಿಫೆಂಡರ್ ಅಂದರೆ ಏನು ಅಂತ ಸುಮ್ನೆ ವ್ಯಾಖ್ಯೆ ಓದಿದರೆ ತಲೆಗೆ ಹತ್ತುವುದಿಲ್ಲ. ನನಗೆ ಅದು ಅರ್ಥವಾಗಿದ್ದು ರೊಮೇನಿಯಾದ ಮಿಯೊದ್ರಾಗ್ ಬೆಲೊಡೆಡಿಚ್ ಅವರ ಹಳೆಯ ಪಂದ್ಯಗಳನ್ನು ನೋಡಿದ ಮೇಲೆ.

ಉಳಿದ ಡಿಫೆಂಡರ್‌ಗಳು ಒಬ್ಬೊಬ್ಬ ಫಾರ್ವರ್ಡ್‌ನ ಬೆನ್ನು ಹತ್ತುತ್ತಾರೆ. ಲಿಬೆರೊಗೆ ಆ ಕಟ್ಟು ಇಲ್ಲ. ಆ ಡಿಫೆಂಡರ್‌ಗಳ ಹಿಂದೆ ನಿಂತು, ತಪ್ಪಿಸಿಕೊಂಡು ಬಂದ ಚೆಂಡನ್ನು ತಡೆಯುತ್ತಾನೆ. ಆಮೇಲೆ ಸುಮ್ಮನೆ ದೂರ ಒದೆಯುವುದಿಲ್ಲ, ತಾನೇ ಚೆಂಡನ್ನು ಕಾಲಲ್ಲಿ ನಡೆಸಿಕೊಂಡು ಮೈದಾನದ ನಡುವಿಗೆ ಹೋಗುತ್ತಾನೆ. ಬೆಲೊಡೆಡಿಚ್ ತಲೆ ಎತ್ತಿಕೊಂಡು, ಸ್ವಲ್ಪವೂ ಗಡಿಬಿಡಿ ಇಲ್ಲದೆ ಹೀಗೆ ಮುಂದೆ ಬರುತ್ತಿದ್ದರು. ರೊಮೇನಿಯಾದಲ್ಲಿ ಅವರನ್ನು 'ಜಿಂಕೆ' ಅಂತ ಕರೆದದ್ದು ಸರಿಯಾಗೇ ಇದೆ.

ಹುಟ್ಟಿದ್ದು 1964ರಲ್ಲಿ, ಯುಗೊಸ್ಲಾವಿಯಾ ಗಡಿಯ ಹತ್ತಿರದ ಸೊಕೊಲ್ ಎಂಬ ಹಳ್ಳಿಯಲ್ಲಿ. ಮನೆಯವರು ಸರ್ಬಿಯನ್ ಮೂಲದವರು, ಸರ್ಬಿಯಾ ಆಗ ಯುಗೊಸ್ಲಾವಿಯಾದ ಭಾಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕು.

1986ರಲ್ಲಿ ಬೆಲೊಡೆಡಿಚ್ ಆಡುತ್ತಿದ್ದ ಬುಕಾರೆಸ್ಟ್‌ನ ಸ್ಟೆವಾ ತಂಡ ಸ್ಪೇನ್‌ನ ಸೆವಿಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್‌ನ ಫೈನಲ್ ಆಡಿತು. 120 ನಿಮಿಷ ಗೋಲೇ ಇಲ್ಲ. ಪೆನಾಲ್ಟಿಯಲ್ಲಿ ಸ್ಟೆವಾ ಗೋಲ್‌ಕೀಪರ್ ಡುಕಾಡಾಮ್ ಬಾರ್ಸಿಲೋನಾದ ನಾಲ್ಕೂ ಹೊಡೆತ ತಡೆದರು, ಸ್ಟೆವಾ ಗೆದ್ದಿತು. ಎಲ್ಲರೂ ಅವರನ್ನೇ ನೆನೆಯುತ್ತಾರೆ, ನ್ಯಾಯವೇ. ಆದರೆ ಪೆನಾಲ್ಟಿವರೆಗೆ ಪಂದ್ಯ ತಲುಪಿದ್ದು ಡಿಫೆನ್ಸ್‌ನಿಂದ ಅಲ್ವಾ?

1988ರಲ್ಲಿ ಬೆಲೊಡೆಡಿಚ್ ಗಡಿ ದಾಟಿ ಯುಗೊಸ್ಲಾವಿಯಾಕ್ಕೆ ಹೋದವರು ವಾಪಸ್ ಬರಲಿಲ್ಲ. ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಅದನ್ನು ದೇಶದ್ರೋಹ ಅಂತ ಪರಿಗಣಿಸಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಒಂದು ವರ್ಷ ಆಡದಂತೆ ನಿಷೇಧ ಹೇರಿತು. 1990ರ ವಿಶ್ವಕಪ್ ಕೂಡ ಕೈತಪ್ಪಿತು. ಆಟ ಹದಕ್ಕೆ ಬಂದ ವಯಸ್ಸಿನಲ್ಲಿ ಇಷ್ಟು ಕಳೆದುಕೊಳ್ಳುವುದು ಸಣ್ಣ ಮಾತಲ್ಲ.

ಅವರು ಸೇರಿದ್ದು ಬಾಲ್ಯದಿಂದಲೂ ಇಷ್ಟಪಟ್ಟಿದ್ದ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡವನ್ನು. 1991ರಲ್ಲಿ ಇಟಲಿಯ ಬಾರಿ ನಗರದಲ್ಲಿ ಫ್ರಾನ್ಸ್‌ನ ಮಾರ್ಸೇಲ್ ವಿರುದ್ಧ ಅದೇ ಯುರೋಪಿಯನ್ ಕಪ್‌ನ ಫೈನಲ್, ಮತ್ತೆ 0-0, ಮತ್ತೆ ಪೆನಾಲ್ಟಿ. ಈ ಸಲ ಅವರೂ ಒಂದು ಪೆನಾಲ್ಟಿಯನ್ನು ಗೋಲು ಮಾಡಿದರು. 5-3ರಿಂದ ಗೆಲುವು. ಬೇರೆ ಬೇರೆ ಎರಡು ಕ್ಲಬ್‌ಗಳಿಗೆ ಫೈನಲ್ ಆಡಿ ಈ ಕಪ್ ಗೆದ್ದ ಮೊದಲ ಆಟಗಾರ ಅವರೇ. ಎರಡು ಫೈನಲ್ ಸೇರಿ 240 ನಿಮಿಷ, ಬಿಟ್ಟುಕೊಟ್ಟ ಗೋಲು ಸೊನ್ನೆ. ನನಗೆ ಈ ಅಂಕಿ ಕಪ್‌ಗಳಿಗಿಂತ ಜಾಸ್ತಿ ಹೇಳುತ್ತದೆ.

1994ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಕೊನೆಯ ಪೆನಾಲ್ಟಿ ಅವರದೇ. ಸ್ವೀಡನ್ ಗೋಲ್‌ಕೀಪರ್ ರಾವೆಲ್ಲಿ ತಡೆದರು, ರೊಮೇನಿಯಾ ಮನೆಗೆ ಹೋಯಿತು. ರೆಡ್ ಸ್ಟಾರ್ ಬಿಟ್ಟ ಮೇಲೆ ಸ್ಪೇನ್, ಮೆಕ್ಸಿಕೊ ಸುತ್ತಿ 1998ರಲ್ಲಿ ಮತ್ತೆ ಸ್ಟೆವಾಗೆ ಬಂದರು. 2001ರಲ್ಲಿ ಆಟ ಮುಗಿಸಿದರು.

1991ರ ಫೈನಲ್ ನೋಡಲು ಸಿಕ್ಕರೆ ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವರನ್ನೇ ನೋಡಿ. ಎದುರಾಳಿ ಪಾಸ್ ಕೊಡುವ ಮೊದಲೇ ಅವರ ಎರಡು ಹೆಜ್ಜೆ ಯಾವ ಕಡೆ ಬೀಳುತ್ತವೆ ಅಂತ ಬರೆದುಕೊಳ್ಳಿ.