ಪಿಎಂಇಜಿಪಿ ಸಾಲ: ಸಬ್ಸಿಡಿ ಯಾವಾಗ ನಮ್ಮದಾಗುತ್ತದೆ?

ಪಿಎಂಇಜಿಪಿ ಎಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ; ಹೊಸ ಘಟಕ ಹಾಕುವವರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಇದರಲ್ಲಿ ಶೇ 35 ಸಬ್ಸಿಡಿ ಎಂದರೆ ಅಷ್ಟು ಹಣ ಮೊದಲೇ ಕೈಗೆ ಬರುತ್ತದೆ ಎಂದುಕೊಂಡರೆ ಇಡೀ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ, ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು ಮನೆಯಲ್ಲೇ ಜೋಳದ ರೊಟ್ಟಿ ಘಟಕ ಹಾಕುತ್ತಾರೆ ಎನ್ನೋಣ. ಯೋಜನಾ ವೆಚ್ಚ 4 ಲಕ್ಷ ರೂಪಾಯಿ: ಯಂತ್ರಗಳಿಗೆ 2.80 ಲಕ್ಷ, ದುಡಿಯುವ ಬಂಡವಾಳ, ಅಂದರೆ ಹಿಟ್ಟಿನಂಥ ದಿನನಿತ್ಯದ ಖರ್ಚಿನ ಹಣ, 1.20 ಲಕ್ಷ.

ಸ್ವಂತ ಪಾಲು ಶೇ 5, ಅಂದರೆ 20,000. ಉಳಿದ 3.80 ಲಕ್ಷವನ್ನೂ ಬ್ಯಾಂಕ್ ಸಾಲವಾಗಿಯೇ ಕೊಡುತ್ತದೆ. ಸಬ್ಸಿಡಿಯ 1.40 ಲಕ್ಷ ಆಮೇಲೆ ಬಂದು ಫಲಾನುಭವಿಯ ಹೆಸರಿನಲ್ಲಿ ಮೂರು ವರ್ಷದ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ; ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಹೀಗಾಗಿ ಬಡ್ಡಿ ಬೀಳಬೇಕಾದ್ದು 2.40 ಲಕ್ಷದ ಮೇಲೆ ಮಾತ್ರ. ಪಾಸ್‌ಬುಕ್‌ನಲ್ಲಿ ಇದನ್ನು ತಪ್ಪದೆ ನೋಡಿಕೊಳ್ಳಿ. ಮೂರು ವರ್ಷವಾದ ಮೇಲೆ ಘಟಕ ನಡೆಯುತ್ತಿದೆಯೇ ಎಂದು ಸ್ಥಳಕ್ಕೇ ಬಂದು ಪರಿಶೀಲಿಸಿ, ಆಮೇಲೆ ಠೇವಣಿಯನ್ನು ಸಾಲಕ್ಕೆ ವಜಾ ಮಾಡುತ್ತಾರೆ. ಅಷ್ಟರೊಳಗೆ ಘಟಕ ಮುಚ್ಚಿದ್ದರೆ ಸಬ್ಸಿಡಿ ಕೈತಪ್ಪಬಹುದು.

ದುಡಿಯುವ ಬಂಡವಾಳಕ್ಕೆ ಬ್ಯಾಂಕ್ ಒಂದು ಮಿತಿ ಮಂಜೂರು ಮಾಡುತ್ತದೆ; ಅದರೊಳಗೆ ಬೇಕಾದಾಗ ಹಣ ತೆಗೆದು ಬಳಸಬಹುದು. ಈ ಮಿತಿಯನ್ನು ದೊಡ್ಡದು ಮಾಡಿಕೊಳ್ಳುವ ಆಸೆ ಬೇಡ. ಮೂರು ವರ್ಷದಲ್ಲಿ ಒಮ್ಮೆಯಾದರೂ ಆ ಮಿತಿಯನ್ನು ಪೂರ್ತಿ ಮುಟ್ಟಿರಬೇಕು, ಬಳಕೆಯೂ ಶೇ 75ಕ್ಕಿಂತ ಇಳಿಯಬಾರದು. ಇಲ್ಲದಿದ್ದರೆ ಬಳಸದ ಪಾಲಿನ ಸಬ್ಸಿಡಿಯನ್ನು ವಾಪಸ್ ಪಡೆಯುತ್ತಾರೆ.

ಶೇ 35 ಸಿಗುವುದು ಗ್ರಾಮೀಣ ಭಾಗದ ಮಹಿಳೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮುಂತಾದವರಿಗೆ. ನಗರದಲ್ಲಿ ಇವರಿಗೆ ಶೇ 25. ಸಾಮಾನ್ಯ ವರ್ಗದ ಪುರುಷರಿಗೆ ಹಳ್ಳಿಯಲ್ಲಿ ಶೇ 25, ನಗರದಲ್ಲಿ ಶೇ 15, ಸ್ವಂತ ಪಾಲು ಶೇ 10.

ಘಟಕ ಹೊಸದೇ ಆಗಿರಬೇಕು, ಒಂದು ಕುಟುಂಬಕ್ಕೆ ಒಂದೇ ಅರ್ಜಿ. ಜಾಗದ ಬೆಲೆಯನ್ನು ವೆಚ್ಚಕ್ಕೆ ಸೇರಿಸುವಂತಿಲ್ಲ. ಮನೆ ಮಾವನವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವನ್ನು ಮೊದಲೇ ಬರೆಸಿಟ್ಟುಕೊಳ್ಳಿ. ಹಿಟ್ಟು ಕಲಸುವ, ರೊಟ್ಟಿ ಒತ್ತುವ ಯಂತ್ರಗಳ ಕೊಟೇಶನ್‌ಗೂ ಯೋಜನಾ ವರದಿಗೂ ಮೊತ್ತ ತಾಳೆಯಾಗಬೇಕು. ಯಂತ್ರಕ್ಕೆ ತ್ರೀ ಫೇಸ್ ಬೇಕಾದರೆ ಆ ವಿದ್ಯುತ್ ಸಂಪರ್ಕದ ಖರ್ಚನ್ನು ಲೆಕ್ಕದಲ್ಲಿ ಮರೆಯಬೇಡಿ. 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುವಂತಿಲ್ಲ.

ಯಂತ್ರವೇ ಬೇಡ, ಸೀರೆ ತಂದು ಮನೆಯಲ್ಲಿ ಮಾರಲು ಸರಕಿನ ಹಣವಷ್ಟೇ ಸಾಕು ಎನ್ನುವವರಿಗೆ ಈ ಯೋಜನೆ ಹೊಂದುವುದಿಲ್ಲ. ಯಂತ್ರದಂಥ ಬಂಡವಾಳ ವೆಚ್ಚವಿಲ್ಲದ ಅರ್ಜಿ ಇಲ್ಲಿ ನಿಲ್ಲದು. ಅವರು ಮುದ್ರಾ ಯೋಜನೆಯ ಶಿಶು ಸಾಲ ಕೇಳಬಹುದು: 50,000ದವರೆಗೆ, ಅಡಮಾನವಿಲ್ಲ, ಸಬ್ಸಿಡಿಯೂ ಇಲ್ಲ.